ಸಂಸ್ಥೆಯ ಕಪಾಟಿನಲ್ಲಿ ನಮ್ಮ ವಿವರ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಸಂಘವಿಲ್ಲದ ಊರು ಸಿಗುವುದು ಕಷ್ಟ. ಹಾಲು ಉತ್ಪಾದಕರ ಸಂಘ, ವ್ಯವಸಾಯ ಸೇವಾ ಸಹಕಾರಿ ಸಂಘ, ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿ, ಯಕ್ಷಗಾನ ಮೇಳ, ರಕ್ತದಾನಿಗಳ ಬಳಗ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಮಕ್ಕಳಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆ. ಇವುಗಳಲ್ಲಿ ಸಂಬಳಕ್ಕೆ ದುಡಿಯುವವರು ಸ್ವಲ್ಪ ಜನ. ಗೌರವಧನಕ್ಕೆ, ಪುಣ್ಯಕ್ಕೆ, ಊರಿನ ಮೇಲಿನ ಅಭಿಮಾನಕ್ಕೆ ದುಡಿಯುವವರೇ ಹೆಚ್ಚು. ಇವರೆಲ್ಲರ ಹೆಸರು, ವಿಳಾಸ, ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೊ ಒಂದಲ್ಲ ಒಂದು ಸ್ಟೀಲ್ ಕಪಾಟಿನಲ್ಲಿ, ಇಲ್ಲವೇ ಒಬ್ಬ ಕಾರ್ಯದರ್ಶಿಯ ಮೊಬೈಲಿನಲ್ಲಿ ಕೂತಿವೆ.

ಈ ವಿವರ ಯಾರಿಗೆ ಸೇರಿದ್ದು? ಸಂಸ್ಥೆ ಏನನ್ನು ಕೇಳಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು, ಯಾರಿಗೆ ತೋರಿಸಬಹುದು? ಕಂಪನಿಗಳು ಗ್ರಾಹಕರ ಮಾಹಿತಿಯನ್ನು ಏನು ಮಾಡುತ್ತವೆ ಎಂಬ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರಹ ಬಂದಿದೆ. ಸಂಸ್ಥೆಯೊಂದು ತನಗಾಗಿ ದುಡಿಯುವವರ ಮಾಹಿತಿಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಬಗ್ಗೆ ಬಂದದ್ದು ಕಡಿಮೆ. ಹೊಸ ಕಾನೂನು ಪೂರ್ತಿ ಜಾರಿಗೆ ಬರುವ ಈ ಹೊತ್ತಿನಲ್ಲಿ ಆ ಚರ್ಚೆಯನ್ನು ಮೊದಲಿನಿಂದ ಹರವಿ ನೋಡುವ ಅಗತ್ಯವಿದೆ.

ಒಂದು ಅರ್ಜಿಯ ಅಂಕಣಗಳು

ಸ್ವಯಂಸೇವಕರಾಗಿ ಸೇರುವವರಿಗೆ ಕೊಡುವ ಅರ್ಜಿಯ ನಮೂನೆ ನಮ್ಮ ಕಡೆ ಹೆಚ್ಚುಕಡಿಮೆ ಒಂದೇ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕ, ಜಾತಿ, ಉಪಜಾತಿ, ವಿದ್ಯಾಭ್ಯಾಸ, ರಕ್ತದ ಗುಂಪು, ಮೊಬೈಲ್ ನಂಬ್ರ, ಆಧಾರ್ ಸಂಖ್ಯೆ, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ.

ಕೋಟೇಶ್ವರದ ಕೊಡಿಹಬ್ಬದ ದಿನ ರಥಬೀದಿಯಲ್ಲಿ ಹಗ್ಗ ಹಿಡಿದು ಜನರನ್ನು ಸರಿಸುವ ಹುಡುಗನನ್ನು ನೆನೆದುಕೊಂಡು ಈ ಅಂಕಣಗಳನ್ನು ಓದಬೇಕು. ಅವನ ಹೆಸರು ಬೇಕು, ಫೋನ್ ಬೇಕು, ನೂಕುನುಗ್ಗಲಿನಲ್ಲಿ ಅವನಿಗೇನಾದರೂ ಆದರೆ ತಿಳಿಸಲು ಮನೆಯವರೊಬ್ಬರ ಫೋನ್ ಬೇಕು. ಸೋಜಿಗವೆಂದರೆ ಈ ಮೂರನೆಯ ಅಂಕಣವೇ ಅನೇಕ ಅರ್ಜಿಗಳಲ್ಲಿ ಇರುವುದಿಲ್ಲ. ಉಪಜಾತಿ ಇರುತ್ತದೆ. ಹಗ್ಗ ಹಿಡಿಯಲು ಉಪಜಾತಿ ಬೇಕಿಲ್ಲ. ಆಧಾರ್ ಸಂಖ್ಯೆಯೂ ಬೇಕಿಲ್ಲ. ಗುರುತು ನೋಡಿ ವಾಪಸು ಕೊಟ್ಟರೆ ಸಾಕು. ‘ಗಂಡನ ಹೆಸರು’ ಎಂಬ ಅಂಕಣ ಕೆಲವು ಹೆಂಗಸರಿಗೆ ಬರೀ ಅಂಕಣವಲ್ಲ. ಗಂಡನಿಂದ ದೂರವಾಗಿ ತವರಿನಲ್ಲಿರುವಾಕೆ ಆ ಸಾಲಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ನಿಲ್ಲುತ್ತಾಳೆ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಅವಳ ಪಕ್ಕದ ಮನೆಯವನೇ ಆಗಿರುತ್ತಾನೆ.

“ಅದ್ ಎಂತಕ್ ಬೇಕ್ ಮಾರ್ರೆ?” ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಂಬಿಕೆಯಿಲ್ಲದವರು ಎನಿಸಿಕೊಳ್ಳಬೇಕಾಗುತ್ತದೆ. ಸಣ್ಣ ಊರುಗಳಲ್ಲಿ ಈ ಪ್ರಶ್ನೆಯ ನಿಜವಾದ ತೊಡಕು ಇಲ್ಲಿದೆ. ಪಟ್ಟಣದಲ್ಲಿ ನಮ್ಮ ವಿವರ ಅಪರಿಚಿತರ ಕೈಗೆ ಹೋಗುತ್ತದೆಂಬ ಭಯ. ಇಲ್ಲಿ ಅದು ಪರಿಚಿತರ ಕೈಗೇ ಹೋಗುತ್ತದೆ.

ಇನ್ನು ಝೆರಾಕ್ಸ್. ಆಧಾರ್ ಪ್ರತಿಯನ್ನು ಕಂಡಕಂಡ ಸಂಸ್ಥೆಗಳಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಬಳಸಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆಂದು ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಸಲಹೆ ಮಾತ್ರ ಸರಿಯಾಗಿಯೇ ಇತ್ತು. ಪ್ರತಿ ಕೊಡಲೇಬೇಕಾದಾಗ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆದು ಸಹಿ ಹಾಕುವವರು ಈಗಲೂ ಇದ್ದಾರೆ. ಅದು ಒಳ್ಳೆಯ ರೂಢಿ.

ಬರೆದಿಡಿ ಎಂದ ಕಾನೂನು, ಅಳಿಸಿ ಎನ್ನಲಿಲ್ಲ

ದುಡಿಯುವವರ ವಿವರ ಬರೆದಿಡುವುದು ನಮ್ಮ ಕರಾವಳಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಪ್ರತಿಯೊಬ್ಬ ಮಿಷನರಿಗೂ ಒಂದು ಕ್ರಮಸಂಖ್ಯೆ ಕೊಟ್ಟು ವಹಿಯಲ್ಲಿ ದಾಖಲಿಸುತ್ತಿತ್ತು. ಮದುವೆಯಾಗಲೂ ಅವರು ಬಾಸೆಲಿನ ಸಮಿತಿಯ ಅನುಮತಿ ಪಡೆಯಬೇಕಿತ್ತು. ಹಾಗಾಗಿ ಮನೆಯೊಳಗಿನ ಸಂಗತಿಗಳೂ ಕಡತ ಸೇರಿದವು. ಆ ಕಡತಗಳು ಇಂದಿಗೂ ಬಾಸೆಲಿನ ದಾಖಲೆ ಸಂಗ್ರಹದಲ್ಲಿವೆ, ಸಂಶೋಧಕರು ಅದೇ ಕ್ರಮಸಂಖ್ಯೆ ಹಿಡಿದು ಹುಡುಕುತ್ತಾರೆ. ಕರಾವಳಿಯ ಇತಿಹಾಸ ಬರೆಯುವವರಿಗೆ ಅವು ದೊಡ್ಡ ಆಸ್ತಿ. ಬರೆದುಕೊಟ್ಟವರು ಅದಕ್ಕೆಂದು ಬರೆದುಕೊಟ್ಟಿರಲಿಲ್ಲ ಎನ್ನುವುದೂ ನಿಜ. ಹಳೆಯ ಮಾಹಿತಿಯನ್ನು ಸುಟ್ಟುಬಿಡಿ ಎನ್ನುವವರೂ ಶಾಶ್ವತವಾಗಿಡಿ ಎನ್ನುವವರೂ ಈ ಒಂದು ಉದಾಹರಣೆಯನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು, ಮುಂದೆ ಮಲ್ಪೆಯಲ್ಲೂ ತೆರೆಯಿತು. ಆಮೇಲೆ ಬಂದ ಖಾಸಗಿ ಹಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಬೀಡಿ ಬ್ರಾಂಚುಗಳೆಲ್ಲ ಒಂದಲ್ಲ ಒಂದು ಕಾನೂನಿನಡಿ ಪುಸ್ತಕ ಇಡಬೇಕಾಯಿತು. 1936ರ ವೇತನ ಪಾವತಿ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ ಮತ್ತು ಇ.ಎಸ್.ಐ. ಕಾಯ್ದೆ, 1952ರ ಭವಿಷ್ಯನಿಧಿ ಕಾಯ್ದೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಇವೆಲ್ಲದರ ಒಳಗಿದ್ದದ್ದು ಕಾರ್ಮಿಕರ ಪರವಾದ ಕಾಳಜಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹೆಂಗಸಿಗೆ ಪಿ.ಎಫ್. ಇಲ್ಲ, ಹೆರಿಗೆ ಸೌಲಭ್ಯ ಇಲ್ಲ. ಬೀಡಿ ಕಟ್ಟುವವರು ಗುರುತುಚೀಟಿಗಾಗಿ ಹೋರಾಡಿದರು. ದಾಖಲಾಗುವುದೇ ಹಕ್ಕಿನ ಮೊದಲ ಮೆಟ್ಟಿಲಾಗಿತ್ತು. ಖಾಸಗಿತನದ ಬಗ್ಗೆ ಈಗ ಮಾತಾಡುವವರು ಇದನ್ನು ಮರೆತರೆ ಬಡವರ ಪಾಲಿಗೆ ಅನ್ಯಾಯ ಮಾಡಿದಂತೆ.

ಆದರೆ ಆ ಕಾನೂನುಗಳ ಗಮನವೆಲ್ಲ ಇದ್ದದ್ದು ಬರೆದಿಡುವುದರ ಮೇಲೆ, ಇನ್‌ಸ್ಪೆಕ್ಟರ್ ಬಂದಾಗ ತೋರಿಸುವುದರ ಮೇಲೆ. ಬೇಡದ್ದನ್ನು ಕೇಳಬೇಡಿ, ಕೆಲಸ ಮುಗಿದ ಮೇಲೆ ಅಳಿಸಿಹಾಕಿ ಎಂಬ ಮಾತು ಅವುಗಳ ಸ್ವಭಾವದಲ್ಲೇ ಇರಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿಸಿದ 43ಎ ಕಲಮು, 2011ರ ಸೂಕ್ಷ್ಮ ಮಾಹಿತಿ ನಿಯಮಗಳು ಮೊದಲ ಬಾರಿಗೆ ಸ್ವಲ್ಪ ಅಂಕೆ ಹಾಕಿದವು. ಅವು ಅನ್ವಯಿಸಿದ್ದು ವ್ಯಾಪಾರ ಅಥವಾ ವೃತ್ತಿ ನಡೆಸುವ ಸಂಸ್ಥೆಗಳಿಗೆ. ಊರಿನ ಟ್ರಸ್ಟಿಗೂ ಯುವಕ ಮಂಡಲಕ್ಕೂ ಅದರ ಬಿಸಿ ತಟ್ಟಲಿಲ್ಲ.

ನಡುವೆ ಎರಡು ವಿಶೇಷ ಕಾನೂನುಗಳು ಮಾತ್ರ ಗುಟ್ಟು ಕಾಪಾಡುವುದನ್ನು ಕರ್ತವ್ಯವಾಗಿಸಿದವು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಮು ದೂರುದಾರರ, ಆರೋಪಿಯ, ಸಾಕ್ಷಿಗಳ ಗುರುತು ಬಹಿರಂಗಪಡಿಸಬಾರದು ಎಂದಿತು. 2017ರ ಎಚ್‌.ಐ.ವಿ. ಮತ್ತು ಏಡ್ಸ್ ಕಾಯ್ದೆ, ಸೋಂಕಿತರ ದಾಖಲೆ ಇಟ್ಟುಕೊಂಡ ಪ್ರತಿಯೊಂದು ಸಂಸ್ಥೆಯೂ ಆ ಮಾಹಿತಿಗೆ ರಕ್ಷಣೆ ಕೊಡಬೇಕು ಎಂದಿತು. ಸ್ವಯಂಸೇವಾ ಸಂಸ್ಥೆಗಳೂ ರಕ್ತನಿಧಿಗಳೂ ಇದರಿಂದ ಹೊರತಲ್ಲ.

ಪುಟ್ಟಸ್ವಾಮಿಯವರಿಂದ 2025ರ ನಿಯಮಗಳವರೆಗೆ

ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ 1954ರ ಎಂ.ಪಿ. ಶರ್ಮ ಮತ್ತು 1962ರ ಖರಕ್ ಸಿಂಗ್ ತೀರ್ಪುಗಳು ಹೌದೆಂದು ಹೇಳಿರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೌದೆಂದಿತು. ಮರುವರ್ಷ ಸೆಪ್ಟೆಂಬರ್ 26ರ ಆಧಾರ್ ತೀರ್ಪು, ಖಾಸಗಿ ಸಂಸ್ಥೆಗಳು ಆಧಾರ್ ಕೇಳಲು ಆಸರೆಯಾಗಿದ್ದ 57ನೇ ಕಲಮಿನ ಭಾಗವನ್ನು ರದ್ದುಮಾಡಿತು.

ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ಜುಲೈಯಲ್ಲಿ ವರದಿ ಕೊಟ್ಟಿತು. 2019ರ ಮಸೂದೆ ಜಂಟಿ ಸಂಸದೀಯ ಸಮಿತಿಯಲ್ಲಿ ಕುಳಿತು 2022ರ ಆಗಸ್ಟಿನಲ್ಲಿ ವಾಪಸಾಯಿತು. ಕೊನೆಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬರಲು 2025ರ ನವೆಂಬರ್ ಆಗಬೇಕಾಯಿತು. ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಲು ಅವಕಾಶವಿದೆ.

ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ಮಾಹಿತಿಗೆ, ಅಥವಾ ಕಾಗದದಲ್ಲಿದ್ದು ಆಮೇಲೆ ಡಿಜಿಟಲ್ ಆದದ್ದಕ್ಕೆ. ಕಪಾಟಿನಲ್ಲಿರುವ ಅರ್ಜಿ ಕಪಾಟಿನಲ್ಲೇ ಇದ್ದರೆ ಕಾಯ್ದೆ ಮುಟ್ಟುವುದಿಲ್ಲ. ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಖಜಾಂಚಿಗೆ ಕಳಿಸಿದ ಕ್ಷಣ ಮುಟ್ಟುತ್ತದೆ.

ಒಪ್ಪಿಗೆಯೇ ಮೂಲ ಎನ್ನುವವರು

ಮೊದಲ ಪಂಥದ ಮಾತು ಸರಳ. ನನ್ನ ಮಾಹಿತಿ ನನ್ನದು, ನಾನು ತಿಳಿದು ಒಪ್ಪಿದರೆ ಮಾತ್ರ ನೀವು ಬಳಸಬಹುದು, ಬೇಡವೆಂದಾಗ ಬಿಡಬೇಕು. 2023ರ ಕಾಯ್ದೆಯ ಬೆನ್ನೆಲುಬು ಇದೇ. ಒಪ್ಪಿಗೆ ಕೇಳುವ ಮುನ್ನ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸುವ ಸೂಚನೆ ಕೊಡಬೇಕು. ಆ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಇನ್ನು ಹಕ್ಕು. ಗಂಗೊಳ್ಳಿಯ ಖಾರ್ವಿ ಮನೆಗಳ ಕೊಂಕಣಿಗೂ ಆ ಹಕ್ಕುಂಟು. ಬ್ರಹ್ಮಾವರದ ಕಡೆಯ ತುಳುವಿಗೆ ಇಲ್ಲ, ಏಕೆಂದರೆ ತುಳು ಆ ಪಟ್ಟಿಯಲ್ಲಿಲ್ಲ.

ಸ್ವಯಂಸೇವಕರ ವಿಷಯದಲ್ಲಿ ಈ ಪಂಥ ಬಹಳಷ್ಟನ್ನು ವಿವರಿಸುತ್ತದೆ. ರಕ್ತದಾನಿಗಳ ಪಟ್ಟಿಯನ್ನೇ ನೋಡಿ. ನಡುರಾತ್ರಿ ಅಪರೂಪದ ಗುಂಪಿನ ರಕ್ತ ಬೇಕಾದಾಗ ಆ ಪಟ್ಟಿ ಜೀವ ಉಳಿಸುತ್ತದೆ. ಅದೇ ಪಟ್ಟಿ ಗುಂಪಿನಿಂದ ಗುಂಪಿಗೆ ದಾಟಿದಾಗ ಹುಡುಗಿಯೊಬ್ಬಳ ನಂಬ್ರ ಸಾವಿರ ಜನರ ಕೈಯಲ್ಲಿರುತ್ತದೆ, ಕರೆಗಳು ರಕ್ತಕ್ಕಾಗಿಯೇ ಬರುವುದಿಲ್ಲ. ಅವಳು ಒಪ್ಪಿದ್ದು ರಕ್ತ ಕೊಡಲು, ನಂಬ್ರ ಹಂಚಲು ಅಲ್ಲ. ಇಂಥ ಕಾರಣಕ್ಕೆ ಪಟ್ಟಿಯನ್ನು ಹೊರಗೆ ಬಿಡದೆ, ಬೇಡಿಕೆ ಬಂದಾಗ ತಾವೇ ದಾನಿಗೆ ಫೋನ್ ಮಾಡಿ ಕೇಳುವ ಸಂಯೋಜಕರ ಕ್ರಮ ಸರಿ. ಒಂದು ಕರೆ ಹೆಚ್ಚಾಗುತ್ತದೆ, ಅಷ್ಟೆ.

ಸಿಬ್ಬಂದಿಯ ವಿಷಯಕ್ಕೆ ಬಂದಾಗ ಈ ಪಂಥ ಸೊರಗುತ್ತದೆ. ಸಂಬಳ ಕೊಡುವವನು ಮುಂದಿಟ್ಟ ಕಾಗದಕ್ಕೆ ಸಹಿ ಹಾಕದಿರುವ ಧೈರ್ಯ ಎಷ್ಟು ಜನರಿಗಿದೆ? ಐರೋಪ್ಯ ಒಕ್ಕೂಟದ ದತ್ತಾಂಶ ಪ್ರಾಧಿಕಾರಗಳ ಕಾರ್ಯತಂಡ 2001ರಲ್ಲಿ, ಮತ್ತೆ 2017ರಲ್ಲಿ ಇದನ್ನೇ ಹೇಳಿತು: ಕೆಲಸ ಕೊಟ್ಟವನಿಗೆ ಕೊಡುವ ಒಪ್ಪಿಗೆ ಬಹುಮಟ್ಟಿಗೆ ಸ್ವತಂತ್ರ ಒಪ್ಪಿಗೆಯಲ್ಲ. ಧಣಿಯೂ ದುಡಿಯುವವನೂ ಒಂದೇ ಊರಿನವರಾದರೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವವರಾದರೆ, ಆ ಒಪ್ಪಿಗೆ ಇನ್ನಷ್ಟು ತೆಳುವಾಗುತ್ತದೆ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಸಹಿ ಒಂದನ್ನೇ ರಕ್ಷಣೆ ಎಂದು ನಂಬುವುದು ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಂಸ್ಥೆಗೆ ಬೇಕೇ ಬೇಕು ಎನ್ನುವವರು

ಎರಡನೆಯವರ ವಾದಕ್ಕೆ ಸಮುದ್ರ ಸಾಕ್ಷಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. 2019ರ ಮೇಯಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿ ಅವಶೇಷವಷ್ಟೇ ಸಿಕ್ಕಿತು. ಬೋಟಿನಲ್ಲಿ ಯಾರಿದ್ದರು, ಯಾವ ಊರಿನವರು, ಮನೆಗೆ ಯಾರಿಗೆ ತಿಳಿಸಬೇಕು, ಪರಿಹಾರ ಯಾರ ಹೆಸರಿಗೆ ಎಂಬ ಪ್ರಶ್ನೆಗಳಿಗೆ ದಾಖಲೆಯೇ ಉತ್ತರ. ಗಂಗೊಳ್ಳಿ ಬಂದರಿನಿಂದ ಹೊರಡುವ ಬೋಟುಗಳಲ್ಲಿ ಹೊರ ಜಿಲ್ಲೆ, ಹೊರ ರಾಜ್ಯದವರು ದುಡಿಯುವಾಗ ಈ ಅಗತ್ಯ ಇನ್ನೂ ಹೆಚ್ಚು. 2008ರ ನವೆಂಬರಿನ ಮುಂಬೈ ದಾಳಿಯ ನಂತರ ಕಡಲ ಮೀನುಗಾರರಿಗೆಲ್ಲ ಬೆರಳಚ್ಚು ಸಹಿತ ಗುರುತುಚೀಟಿ ಕೊಡುವ ಯೋಜನೆ ಬಂತು.

2023ರ ಕಾಯ್ದೆ ಈ ಪಂಥಕ್ಕೂ ಜಾಗ ಕೊಟ್ಟಿದೆ. ಉದ್ಯೋಗದ ಉದ್ದೇಶಗಳಿಗೆ, ನಷ್ಟದಿಂದ ಹೊಣೆಗಾರಿಕೆಯಿಂದ ಉದ್ಯೋಗದಾತನನ್ನು ಕಾಪಾಡುವುದಕ್ಕೆ, ಉದ್ಯೋಗಿ ತಾನೇ ಕೇಳಿದ ಸೌಲಭ್ಯ ಕೊಡುವುದಕ್ಕೆ ಒಪ್ಪಿಗೆಯಿಲ್ಲದೆಯೇ ಮಾಹಿತಿ ಬಳಸಬಹುದು ಎನ್ನುತ್ತದೆ 7(ಐ) ಕಲಮು. ನ್ಯಾಯಾಲಯಗಳ ಒಲವೂ ಹಾಗೆಯೇ ಇದೆ. ಒಡಿಶಾದ ಮಹಾಲೇಖಪಾಲರ ಕಚೇರಿಯ ಬಯೋಮೆಟ್ರಿಕ್ ಹಾಜರಾತಿ ಪ್ರಕರಣದಲ್ಲಿ, ನೌಕರರೊಂದಿಗೆ ಸಮಾಲೋಚಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಆ ವ್ಯವಸ್ಥೆ ಕಾನೂನುಬಾಹಿರವಾಗದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ಹೇಳಿತು.

ಇಲ್ಲಿ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ತನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಎಂದು ಕೇಳುವ ಹಕ್ಕು, ತಿದ್ದಿಸುವ ಮತ್ತು ಅಳಿಸಿಸುವ ಹಕ್ಕು ಕಾಯ್ದೆಯ 11 ಮತ್ತು 12ನೇ ಕಲಮುಗಳಲ್ಲಿವೆ. ಆ ಹಕ್ಕುಗಳು ಇರುವುದು ಒಪ್ಪಿಗೆ ಕೊಟ್ಟವರಿಗೆ, ಅಥವಾ ತಾವಾಗಿಯೇ ಮಾಹಿತಿ ಕೊಟ್ಟವರಿಗೆ. ಉದ್ಯೋಗದ ಉದ್ದೇಶಕ್ಕೆಂದು ಒಪ್ಪಿಗೆಯಿಲ್ಲದೆ ಮಾಹಿತಿ ತೆಗೆದುಕೊಂಡರೆ ಆ ಬಾಗಿಲು ಮುಚ್ಚಿರುತ್ತದೆ. ಒಂದು ದಿನ ಹಗ್ಗ ಹಿಡಿಯುವ ಹುಡುಗ ತನ್ನ ಅರ್ಜಿ ಅಳಿಸಿ ಎಂದು ಕೇಳಬಹುದು. ಅದೇ ಸಂಸ್ಥೆಯಲ್ಲಿ ಇಪ್ಪತ್ತು ವರ್ಷ ಸಂಬಳಕ್ಕೆ ದುಡಿದ ಗುಮಾಸ್ತ ತನ್ನ ಕಡತದಲ್ಲೇನಿದೆ ಎಂದು ಈ ಕಾಯ್ದೆಯಡಿ ಕೇಳಲಾರ. ತೂಕ ತಪ್ಪಿರುವುದು ಇಲ್ಲಿ. ಹೆಚ್ಚು ಅವಲಂಬಿತನಾದವನಿಗೆ ಹೆಚ್ಚು ರಕ್ಷಣೆ ಬೇಕಿತ್ತು.

ಬಯಲಿನಲ್ಲಿಡಿ ಎನ್ನುವವರು

ಮೂರನೆಯ ಪಂಥ ಮಾಹಿತಿ ಹಕ್ಕಿನ ಚಳವಳಿಯದು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ತೊಂಬತ್ತರ ದಶಕದಲ್ಲಿ ಮಸ್ಟರ್ ರೋಲುಗಳನ್ನು ಜನರ ಮುಂದೆ ಓದಿಸಿ, ಸತ್ತವರ ಹೆಸರಿನಲ್ಲೂ ಕೂಲಿ ಎತ್ತಿದ್ದನ್ನು ಬಯಲಿಗೆಳೆಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ನೌಕರರ ಪಟ್ಟಿಯನ್ನೂ ತಿಂಗಳ ಸಂಬಳವನ್ನೂ ತಾವಾಗಿಯೇ ಪ್ರಕಟಿಸಬೇಕೆಂದಿತು. ಊರಿನ ದುಡ್ಡಿನಲ್ಲಿ ದುಡಿಯುವವರ ಹೆಸರು ಊರಿಗೆ ಗೊತ್ತಿರಬೇಕು ಎಂಬುದು ಈ ಪಂಥದ ನಂಬಿಕೆ, ಅದರಲ್ಲಿ ತೂಕವಿದೆ.

ಆ ನಂಬಿಕೆಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. 2012ರ ಗಿರೀಶ್ ದೇಶಪಾಂಡೆ ತೀರ್ಪು ಸರ್ಕಾರಿ ನೌಕರನ ಮೆಮೊ, ನೋಟಿಸ್, ಆಸ್ತಿ ವಿವರಗಳನ್ನು ವೈಯಕ್ತಿಕ ಮಾಹಿತಿ ಎಂದಿತು. 2025ರ ನವೆಂಬರಿನಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ತಿದ್ದುಪಡಿಯಾಗಿ, ವೈಯಕ್ತಿಕ ಮಾಹಿತಿ ಎಂದಷ್ಟೇ ಹೇಳಿ ನಿರಾಕರಿಸುವ ದಾರಿ ಅಗಲವಾಯಿತು. ಸಾರ್ವಜನಿಕ ಹಿತಾಸಕ್ತಿಗಾಗಿ ಕೊಡಬಹುದೆಂಬ 8(2) ಕಲಮು ಉಳಿದಿದೆ, ಬಳಸುವ ಮನಸ್ಸು ಅಧಿಕಾರಿಗೆ ಇರಬೇಕು.

ಇನ್ನೊಂದು ಪೆಟ್ಟು ಅತಿಯಿಂದ ಬಂತು. ಉದ್ಯೋಗ ಖಾತ್ರಿ ಕೆಲಸಗಳಿಗೆ 2023ರ ಜನವರಿ 1ರಿಂದ ಮೊಬೈಲ್ ಹಾಜರಾತಿ ಕಡ್ಡಾಯವಾದಾಗ, ತೋಡು ಹೂಳೆತ್ತುವ ಹೆಂಗಸರ ಫೋಟೊ ದಿನಕ್ಕೆ ಎರಡು ಸಲ ಸ್ಥಳದ ಗುರುತಿನೊಂದಿಗೆ ಜಾಲಕ್ಕೇರಿತು. ಹೆಸರು, ಕೂಲಿ ಎಷ್ಟು ಎಂಬುದು ಬಯಲಿನಲ್ಲಿರಲಿ. ಕೆಸರು ಮೈಯಲ್ಲಿ ನಿಂತ ಮುಖ ಜಗತ್ತಿಗೆಲ್ಲ ಕಾಣಬೇಕೇ? ಹಣದ ಲೆಕ್ಕ ತೆರೆದಿಡುವುದಕ್ಕೂ ಮನುಷ್ಯರ ಮೈ ಮುಖಗಳನ್ನು ತೆರೆದಿಡುವುದಕ್ಕೂ ವ್ಯತ್ಯಾಸವಿದೆ. ಪಾರದರ್ಶಕತೆಯ ಪರವಾಗಿ ಮಾತಾಡುವವರೇ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕಿದೆ.

ಸಹಕಾರಿ ಸಂಘಗಳು ಈ ಪಂಥದ ಕೈಗೆ ಸುಲಭಕ್ಕೆ ಸಿಕ್ಕಿಲ್ಲ. ಸರ್ಕಾರದ ಗಣನೀಯ ನೆರವು ಅಥವಾ ಹಿಡಿತವಿಲ್ಲದ ಸಹಕಾರಿ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಕೇರಳದ ತಲಪ್ಪಾಲಂ ಪ್ರಕರಣದಲ್ಲಿ 2013ರಲ್ಲಿ ತೀರ್ಮಾನವಾಯಿತು. ಗಣನೀಯ ನೆರವು ಪಡೆದರೆ ಸ್ವಯಂಸೇವಾ ಸಂಸ್ಥೆಯೂ ಉತ್ತರ ಕೊಡಬೇಕೆಂದು 2019ರ ತೀರ್ಪು ಹೇಳಿತು.

ಮಕ್ಕಳ ಕಡೆಯಿಂದ ನೋಡಿದರೆ

ಕುಂದಾಪುರ ಈ ಚರ್ಚೆಗೆ ಬೇರೆಲ್ಲೂ ಸುಲಭಕ್ಕೆ ಸಿಗದ ಅನುಭವವೊಂದನ್ನು ಸೇರಿಸುತ್ತದೆ. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ‘ನಮ್ಮ ಭೂಮಿ’ ಕೇಂದ್ರ ಇರುವುದು ಕುಂದಾಪುರದ ಕನ್ಯಾನದಲ್ಲಿ. ದುಡಿಯುವ ಮಕ್ಕಳ ಸಂಘಟನೆ ‘ಭೀಮ ಸಂಘ’ 1990ರಲ್ಲಿ ರೂಪುಗೊಂಡಿತು. ತೊಂಬತ್ತರ ದಶಕದಲ್ಲಿ ಕೆರಾಡಿ, ಆಲೂರು, ಉಪ್ಪುಂದದಂಥ ಪಂಚಾಯಿತಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಕೆಲಸ ಮಾಡಿದವು. ಮಕ್ಕಳು ತಮ್ಮ ಊರಿನ ಮಾಹಿತಿಯನ್ನು ತಾವೇ ಸಂಗ್ರಹಿಸಿ ಅದನ್ನು ಹಿಡಿದು ಪಂಚಾಯಿತಿಯೊಂದಿಗೆ ಮಾತಾಡಿದರು. ಕಷ್ಟ ಬಂದಾಗ ಹೇಳಿಕೊಳ್ಳಲು ‘ಮಕ್ಕಳ ಮಿತ್ರ’ ಎಂಬ ವಯಸ್ಕ ಸ್ವಯಂಸೇವಕರನ್ನು ಆರಿಸಿಕೊಳ್ಳುವ ಪದ್ಧತಿಯೂ ಬಂತು.

ಮಕ್ಕಳ ಕಡೆಯಿಂದ ನೋಡಿದಾಗ ಸ್ವಯಂಸೇವಕನ ಖಾಸಗಿತನದ ಪ್ರಶ್ನೆ ತಲೆಕೆಳಗಾಗುತ್ತದೆ. ಮಗುವಿನ ಹತ್ತಿರ ಒಬ್ಬಂಟಿಯಾಗಿ ಕೂರುವ ವ್ಯಕ್ತಿಯ ಹಿನ್ನೆಲೆಯನ್ನು ಸಂಸ್ಥೆ ಕೆದಕದಿದ್ದರೆ ಅದು ಕರ್ತವ್ಯಲೋಪ. ಹಳೆಯ ಮೊಕದ್ದಮೆ ಇದೆಯೇ, ಹಿಂದಿನ ಸಂಸ್ಥೆ ಏಕೆ ಬಿಟ್ಟರು, ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ಕೇಳಲೇಬೇಕು. ಕರ್ನಾಟಕದ ಶಾಲೆಗಳಿಗೆ 2016ರಲ್ಲಿ ಬಂದ ಮಕ್ಕಳ ರಕ್ಷಣಾ ನೀತಿಯ ಆಶಯವೂ ಇದೇ. ಉಪಜಾತಿ ಬೇಡ, ಹಿನ್ನೆಲೆ ಬೇಕು. ಎಷ್ಟು ಕಡಿಮೆ ಕೇಳಿದರೆ ಅಷ್ಟು ಒಳ್ಳೆಯದು ಎಂಬ ನಿಯಮ ಇಲ್ಲಿ ಕೆಲಸ ಮಾಡುವುದಿಲ್ಲ. ಕೆಲಸಕ್ಕೆ ತಕ್ಕಷ್ಟು ಎಂಬ ನಿಯಮ ಮಾಡುತ್ತದೆ. ಹಾಗೆ ಕಲೆಹಾಕಿದ್ದು ಮುಚ್ಚಿದ ಲಕೋಟೆಯಲ್ಲಿ ಒಬ್ಬಿಬ್ಬರ ಕೈಯಲ್ಲಷ್ಟೇ ಇರಬೇಕು. ಸುಳ್ಳು ದೂರಿನ ಒಂದು ಹಾಳೆ ಹೊರಬಿದ್ದರೆ ಇಲ್ಲಿನ ಯಾವ ಊರಿನಲ್ಲೂ ಆ ಮನುಷ್ಯ ಮತ್ತೆ ತಲೆಯೆತ್ತಲಾರ.

ಸ್ವಯಂಸೇವಕರೇ ಮಕ್ಕಳಾದರೆ? 1969ರಲ್ಲಿ ಆರಂಭವಾದ ಎನ್‌.ಎಸ್‌.ಎಸ್‌. ಪಿಯುಸಿಯಲ್ಲೂ ಇದೆ, ಅಲ್ಲಿರುವವರು ಬಹುಮಟ್ಟಿಗೆ ಹದಿನಾರು ಹದಿನೇಳರವರು. ಹೊಸ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. 1992ರಲ್ಲಿ ಭಾರತ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕೆನ್ನುತ್ತದೆ. ಮಕ್ಕಳೇ ಮಾಹಿತಿ ಸಂಗ್ರಹಿಸಿ ಪಂಚಾಯಿತಿ ನಡೆಸಿದ ತಾಲ್ಲೂಕಿನಲ್ಲಿ, ಹದಿನೇಳರ ಹುಡುಗಿಗೆ ಅಪ್ಪನ ಸಹಿಯಷ್ಟೇ ಸಾಕು, ಅವಳ ಮಾತು ಬೇಡ ಎನ್ನುವುದು ಹಿಂದಕ್ಕೆ ಹೋದಂತೆ ನನಗೆ ಕಾಣುತ್ತದೆ.

ವಿಶ್ವಸ್ತರೆಂಬ ನಿಲುವು

ಶ್ರೀಕೃಷ್ಣ ಸಮಿತಿ ಮಾಹಿತಿ ಇಟ್ಟುಕೊಂಡವರನ್ನು ವಿಶ್ವಸ್ತರೆಂದು ಕರೆಯಿತು, ಕಾಯ್ದೆಯೂ ಅದನ್ನು ಉಳಿಸಿಕೊಂಡಿತು. ಅಮೆರಿಕದ ಕಾನೂನು ಪಂಡಿತ ಜ್ಯಾಕ್ ಬಾಲ್ಕಿನ್ ಈ ವಿಚಾರವನ್ನು ಬೆಳೆಸಿದವರಲ್ಲಿ ಮುಖ್ಯರು. ವೈದ್ಯ, ವಕೀಲರಂತೆ ಮಾಹಿತಿ ಪಡೆದವರಿಗೂ ನಂಬಿದವರ ಹಿತ ಕಾಯುವ ಹೊಣೆ ಇರುತ್ತದೆ, ಒಪ್ಪಿಗೆ ಸಿಕ್ಕಿತೆಂದು ಆ ಹೊಣೆ ಕಳಚಿಕೊಳ್ಳುವುದಿಲ್ಲ ಎಂಬುದು ಸಾರ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇವಸ್ಥಾನದ ಮೊಕ್ತೇಸರರು ಬದಲಾದಾಗ ದೇವರ ಒಡವೆ ತೂಗಿ, ಪಟ್ಟಿ ಓದಿ, ಸಹಿ ಹಾಕಿ ಹೊಸಬರಿಗೆ ಒಪ್ಪಿಸುವ ಕ್ರಮವಿದೆ. ಸಂಘದ ಕಾರ್ಯದರ್ಶಿ ಬದಲಾದಾಗಲೂ ನಡಾವಳಿ ಪುಸ್ತಕ, ಚೆಕ್ ಪುಸ್ತಕ, ರಬ್ಬರ್ ಸ್ಟಾಂಪು, ಬೀಗದ ಕೈ ಹಸ್ತಾಂತರವಾಗುತ್ತವೆ. ಹಸ್ತಾಂತರವಾಗದೆ ಉಳಿಯುವುದು ಅವರ ಮೊಬೈಲಿನಲ್ಲಿರುವ ಸದಸ್ಯರ ಪಟ್ಟಿ, ಆಧಾರ್ ಫೋಟೊಗಳು, ಅವರು ಅಡ್ಮಿನ್ ಆಗಿರುವ ವಾಟ್ಸ್‌ಆ್ಯಪ್ ಗುಂಪು. ಮುಂದಿನ ಚುನಾವಣೆಯ ಹೊತ್ತಿಗೆ, ಹೊಸ ಚಿಟ್ ಫಂಡಿನ ಪ್ರಚಾರದ ಹೊತ್ತಿಗೆ ಅದೇ ಪಟ್ಟಿ ಕೆಲಸಕ್ಕೆ ಬರುತ್ತದೆ. ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. ಪಟ್ಟಿ ಕೈಯಲ್ಲಿದೆ, ಅಷ್ಟು ಸಾಕಾಗುತ್ತದೆ. ಸಂಸ್ಥೆಗೊಂದು ಪ್ರತ್ಯೇಕ ಸಿಮ್ ಮತ್ತು ಇಮೇಲ್ ಇಟ್ಟು, ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ‘ನನ್ನ ಫೋನಿನಲ್ಲಿದ್ದ ಸಂಘದ ಮಾಹಿತಿ ಅಳಿಸಿದ್ದೇನೆ’ ಎಂಬ ಒಂದು ಸಾಲು ಸೇರಿಸಲು ಖರ್ಚು ಬಹಳವಿಲ್ಲ.

ಒಳ್ಳೆಯತನವೊಂದೇ ಸಾಲದು ಎನ್ನಲು ರೆಡ್‌ಕ್ರಾಸಿನ ಅನುಭವ ನೋಡಬೇಕು. ಮಾನವೀಯ ಸಂಸ್ಥೆಗಳು ಮಾಹಿತಿ ಕಾಯುವುದು ಹೇಗೆಂದು ಕೈಪಿಡಿ ಬರೆದದ್ದೇ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ. 2022ರ ಜನವರಿಯಲ್ಲಿ ಅದರ ಸರ್ವರುಗಳಿಗೆ ಕನ್ನ ಬಿದ್ದು 5,15,000ಕ್ಕೂ ಹೆಚ್ಚು ಸಂತ್ರಸ್ತರ ವಿವರ, ಜೊತೆಗೆ ಸುಮಾರು 2,000 ಸಿಬ್ಬಂದಿ ಮತ್ತು ಸ್ವಯಂಸೇವಕರ ಲಾಗಿನ್ ಮಾಹಿತಿ ಪರರ ಪಾಲಾಯಿತು. ಸಮಿತಿ ಮುಚ್ಚಿಡದೆ ತಾನೇ ಹೇಳಿತು. ವಿಶ್ವಸ್ತನ ನಡತೆ ಅದು.

ನೌಕರರೋ, ಸೇವಕರೋ?

ಎಲ್ಲ ಪಂಥಗಳೂ ತಡವರಿಸುವ ಜಾಗ ಒಂದಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಮನೆಮನೆಗೆ ಹೋಗಿ ದುಡ್ಡು ಸಂಗ್ರಹಿಸುವ ಪಿಗ್ಮಿ ಏಜೆಂಟರು ಬ್ಯಾಂಕಿನ ಕಾರ್ಮಿಕರೇ ಎಂಬ ವಿವಾದ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೌದೆಂದು ಮುಗಿಯಿತು. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿಲ್ಲ ಎಂದು ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ 2006ರಲ್ಲಿ ತೀರ್ಪಾಯಿತು. 2022ರಲ್ಲಿ ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ಕೋರ್ಟ್ ಹೇಳಿತು. ಆಶಾ ಕಾರ್ಯಕರ್ತೆಯರು ದಾಖಲೆಯಲ್ಲಿ ಸ್ವಯಂಸೇವಕಿಯರು, ದುಡಿಮೆಯಲ್ಲಿ ಪೂರ್ಣಾವಧಿಯವರು.

ಇವರ ಮಾಹಿತಿಯನ್ನು ಯಾವ ಕಲಮಿನಡಿ ಇಡಬೇಕು? ನೌಕರರೆಂದರೆ ಒಪ್ಪಿಗೆ ಬೇಡ, ಹಾಗಾಗಿ ಅಳಿಸಿಸುವ ಹಕ್ಕೂ ಇಲ್ಲ. ಸ್ವಯಂಸೇವಕರೆಂದರೆ ಒಪ್ಪಿಗೆ ಬೇಕು, ಆದರೆ ಆ್ಯಪ್‌ಗೆ ಮುಖ ತೋರಿಸಲೊಲ್ಲೆ ಎಂದರೆ ಪ್ರೋತ್ಸಾಹಧನಕ್ಕೆ ಕುತ್ತು. ಕಾಯ್ದೆ ‘ಉದ್ಯೋಗಿ’ ಎಂದರೆ ಯಾರೆಂದು ಹೇಳಿಲ್ಲ, ಸ್ವಯಂಸೇವಕರನ್ನು ಹೆಸರಿಸಿಯೇ ಇಲ್ಲ. ಯಕ್ಷಗಾನ ಮೇಳದ ಕಲಾವಿದನದು ಇನ್ನೂ ಬೇರೆ ಕಥೆ. ಅವನ ಫೋನ್ ನಂಬ್ರ ಊರಿಗೆಲ್ಲ ಗೊತ್ತಿದ್ದರೆ ಮಳೆಗಾಲದಲ್ಲಿ ಬಿಡಿ ಆಟ, ತಾಳಮದ್ದಳೆಗೆ ಕರೆ ಬರುತ್ತದೆ, ಅದು ಅವನ ಹೊಟ್ಟೆಪಾಡು. ಯಜಮಾನರಿಂದ ಪಡೆದ ಮುಂಗಡ ಎಷ್ಟೆಂಬುದು ಮಾತ್ರ ಚೌಕಿಯಲ್ಲಿ ಯಾರಿಗೂ ತಿಳಿಯಬಾರದು. ಸಾಮಾನ್ಯವಾಗಿ ಗುಟ್ಟೆಂದು ಎಣಿಸುವ ನಂಬ್ರ ಇವನಿಗೆ ಬಯಲಿನಲ್ಲಿರಬೇಕು. ಒಂದೇ ನಮೂನೆಯ ನಿಯಮ ಎಲ್ಲರಿಗೂ ಹೊಂದದಿರುವುದು ಇದಕ್ಕೇ.

ಇತ್ಯರ್ಥವಾಗದೆ ಉಳಿದವು

ಸಣ್ಣ ಸಂಸ್ಥೆಗಳಿಗೆ ವಿನಾಯಿತಿ ಬೇಕೇ ಎಂಬುದು ಮೊದಲನೆಯದು. ಕೆಲವು ಹೊಣೆಗಳಿಂದ ನವೋದ್ಯಮಗಳಿಗೆ ಬಿಡುಗಡೆ ಕೊಡುವ ಅಧಿಕಾರವನ್ನು 17ನೇ ಕಲಮು ಸರ್ಕಾರಕ್ಕೆ ಕೊಟ್ಟಿದೆ, ನವೋದ್ಯಮಗಳನ್ನು ಹೆಸರಿಸಿದೆ. ಹಳ್ಳಿಯ ಭಜನಾ ಮಂಡಳಿಯನ್ನು ಹೆಸರಿಸಿಲ್ಲ. ವಕೀಲರನ್ನು ಇಡಲಾಗದ ಮಂಡಳಿಗೂ ಸಾವಿರಾರು ಸಿಬ್ಬಂದಿಯ ಕಂಪನಿಗೂ ಒಂದೇ ಅಳತೆ ಸಲ್ಲದು. ಪೂರ್ತಿ ಬಿಟ್ಟುಕೊಟ್ಟರೆ ಹೆಚ್ಚು ಸೋರಿಕೆಯಾಗುವ ಜಾಗಕ್ಕೇ ಕಾವಲು ಇಲ್ಲದಂತಾಗುತ್ತದೆ.

ಇಟ್ಟುಕೊಳ್ಳುವ ಅವಧಿಯೂ ಗೊಂದಲದಲ್ಲಿದೆ. ಉದ್ದೇಶ ತೀರಿದ ಮೇಲೆ ಅಳಿಸಿ ಎನ್ನುತ್ತದೆ ಹೊಸ ಕಾಯ್ದೆ, ಬೇರೆ ಕಾನೂನು ಇಡಿ ಎಂದರೆ ಇಡಿ ಎಂದೂ ಹೇಳುತ್ತದೆ. ಭವಿಷ್ಯನಿಧಿ, ತೆರಿಗೆ, ವಿದೇಶಿ ದೇಣಿಗೆ, ರಕ್ತನಿಧಿ, ಕಾರ್ಮಿಕ ಕಾನೂನುಗಳ ಅವಧಿ ಒಂದೊಂದು ಬಗೆ. ಬಾಗಿಲು ಮುಚ್ಚಿದ ಹಂಚಿನ ಕಾರ್ಖಾನೆಯ ಹಾಜರಿ ಪುಸ್ತಕ ಎಲ್ಲಿರಬೇಕು? ಪಿಂಚಣಿಗಾಗಿ ಅಲೆಯುವ ಮುದುಕಿಗೆ ಅದೇ ಏಕೈಕ ಪುರಾವೆ, ಇತಿಹಾಸಕಾರನಿಗೆ ಆಕರ, ಉಳಿದವರಿಗೆ ಗೆದ್ದಲು ಹಿಡಿದ ಕಾಗದ. ಅದನ್ನು ಒಪ್ಪಿಸಿಕೊಳ್ಳುವ ಜಿಲ್ಲಾ ಮಟ್ಟದ ದಾಖಲೆ ಸಂಗ್ರಹದ ಮಾತು ಈ ಚರ್ಚೆಯಲ್ಲಿ ಎದ್ದೇ ಇಲ್ಲ.

ಕೊನೆಯದು ದೂರಿನ ದಾರಿ. ದೂರನ್ನು ಮೊದಲು ಸಂಸ್ಥೆಗೇ ಕೊಡಬೇಕು, ಆಮೇಲಷ್ಟೇ ದತ್ತಾಂಶ ಸಂರಕ್ಷಣಾ ಮಂಡಳಿಗೆ. ಮಂಡಳಿ ಡಿಜಿಟಲ್ ಕಚೇರಿಯಾಗಿ ಕೆಲಸ ಮಾಡುತ್ತದೆ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟವರಿಗೆ 10,000 ರೂಪಾಯಿಯವರೆಗೆ ದಂಡವಿದೆ. ಸಣ್ಣ ಸಂಘದಲ್ಲಿ ದೂರು ಕೇಳುವವರು, ಮಾಹಿತಿ ಇಟ್ಟುಕೊಂಡವರು, ಹಂಚಿದವರು ಮೂವರೂ ಒಬ್ಬರೇ ಆಗಿರುವ ಸಾಧ್ಯತೆಯೇ ಹೆಚ್ಚು. ಶಿರೂರಿನ ಅಥವಾ ಸಿದ್ದಾಪುರದ ಹೆಂಗಸೊಬ್ಬಳು ತನ್ನ ನಂಬ್ರ ಹಂಚಿದ ಕಾರ್ಯದರ್ಶಿಯ ವಿರುದ್ಧ, ಅದೇ ಕಾರ್ಯದರ್ಶಿಗೆ, ದಂಡದ ಭಯ ಇಟ್ಟುಕೊಂಡು ದೂರು ಬರೆಯುತ್ತಾಳೆಯೇ? ತಾಲ್ಲೂಕಿಗೊಬ್ಬ ತಟಸ್ಥ ಅಹವಾಲು ಅಧಿಕಾರಿಯೋ, ಸಂಘಗಳ ಒಕ್ಕೂಟದ ಸಮಿತಿಯೋ, ಈಗಿರುವ ಕಾನೂನು ಸೇವಾ ಸಮಿತಿಗೇ ಈ ಕೆಲಸವೂ ಸೇರಬೇಕೋ ಎಂಬುದನ್ನು ಕಾಯ್ದೆಯೂ ಹೇಳಿಲ್ಲ, ನಿಯಮಗಳೂ ಹೇಳಿಲ್ಲ.